ಮಗ್ಗ ನಿಲ್ಲಿಸಿ, ಮಗು ಒದೆಯಲಿ

ಬೆಳಿಗ್ಗೆ ಆರು ಗಂಟೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಶಂಶುನ್ನೀಸಾ ಸ್ಕೂಟರಿನ ಸ್ಟ್ಯಾಂಡ್ ಇಳಿಸುತ್ತಾರೆ. ಇಳಿಸಿದ ಸದ್ದು ಅವರಿಗೇ ಕೇಳಿಸುವುದಿಲ್ಲ. ಸಾಲು ಮನೆಗಳ ಒಳಗೆ ಪವರ್‌ಲೂಮ್‌ಗಳು ಆಗಲೇ ದಿನ ಶುರು ಮಾಡಿವೆ. ಈ ಬೀದಿಯಲ್ಲಿ ಹಾಲಿನವನು ಕೂಗುವುದಿಲ್ಲ, ಬಾಗಿಲಿಗೆ ಬಂದು ಕೈ ಬೀಸುತ್ತಾನೆ. ನಾಯಿ ಬೊಗಳಿದರೆ ಆಕಳಿಸಿದಂತೆ ಕಾಣುತ್ತದೆ. ಇಲ್ಲಿ ಹುಟ್ಟುವ ಕೂಸಿನ ಕಿವಿಗೆ ಲಾಲಿಗಿಂತ ಮೊದಲು ಲಾಳಿಯ ಸದ್ದು ಬೀಳುತ್ತದೆ.

ಯೋಗಾನಂದನ ನಡುಮನೆಯಲ್ಲಿ ನಾಲ್ಕು ಮಗ್ಗ. ಶಂಶುನ್ನೀಸಾ ಬಾಗಿಲಲ್ಲೇ ನಿಂತು ಅಂಗೈಯನ್ನು ಕೆಳಮುಖ ಮಾಡಿ ಒತ್ತಿ ತೋರಿಸುತ್ತಾರೆ. ಅವನು ಒಂದೊಂದೇ ಸ್ವಿಚ್ ಆರಿಸುತ್ತಾನೆ. ಆಮೇಲೆ ಪಕ್ಕದ ಮನೆಯ ಆವಲಪ್ಪನಿಗೊಂದು ಮಿಸ್ಡ್ ಕಾಲ್. ರಿಂಗು ಕೇಳಿಸದ ಆವಲಪ್ಪ ಜೇಬು ನಡುಗಿದ್ದಕ್ಕೆ ಎಚ್ಚೆತ್ತು ತನ್ನ ಎರಡು ಮಗ್ಗಗಳನ್ನೂ ನಿಲ್ಲಿಸುತ್ತಾನೆ. ಎರಡು ಮನೆಗಳಿಗೂ ಒಂದೇ ಗೋಡೆ. ಈಗ ಗೋಡೆ ಸುಮ್ಮನಾಗುತ್ತದೆ, ನೆಲ ಸುಮ್ಮನಾಗುತ್ತದೆ.

ಒಳಕೋಣೆಯಲ್ಲಿ ಯೋಗಾನಂದನ ಹೆಂಡತಿ ಅನಿತ ಎಡಮಗ್ಗುಲಾಗಿ ಮಲಗಿದ್ದಾಳೆ. ವಯಸ್ಸು ಇಪ್ಪತ್ತಾರು, ಬಸಿರಿಗೆ ಮೂವತ್ತಾರು ವಾರ. ಪಕ್ಕದಲ್ಲಿ ಎರಡು ಬುಟ್ಟಿ. ಒಂದರಲ್ಲಿ ಹತ್ತು ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲು ಸುತ್ತುವ ಕಡ್ಡಿ. ಇನ್ನೊಂದು ಖಾಲಿ. ಮಗು ಒಂದು ಸಲ ಒದ್ದರೆ ಒಂದು ಕಂಡಿಕೆ ಈ ಬುಟ್ಟಿಯಿಂದ ಆ ಬುಟ್ಟಿಗೆ ಹೋಗಬೇಕು.

"ಮೊಬೈಲ್ ಬೇಡ, ಮಾತು ಬೇಡ. ನೀನು, ಅದು. ಇಬ್ರೇ" ಎನ್ನುತ್ತಾರೆ ಶಂಶುನ್ನೀಸಾ.

"ನರ್ಸಮ್ಮಾ, ಬಿಕ್ಕಳಿಸ್ತಾ ಐತೆ. ಅದನ್ನ ಎಣಿಸ್ಲಾ?"

"ಬಿಕ್ಕಳಿಕೆಗೆ ಮಾರ್ಕ್ಸ್ ಇಲ್ಲ ಕಣಮ್ಮ. ಒದೀಬೇಕು, ಇಲ್ಲ ಹೊರಳಬೇಕು."

ಇಪ್ಪತ್ತೆರಡು ನಿಮಿಷಕ್ಕೆ ಹತ್ತನೆಯ ಕಂಡಿಕೆ ಬುಟ್ಟಿ ದಾಟುತ್ತದೆ. ಹೊರಗೆ ಕಂಬಕ್ಕೆ ಆತು ನಿಂತಿದ್ದ ಯೋಗಾನಂದ ಉಸಿರು ಬಿಡುತ್ತಾನೆ. ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಅನಿತಳ ಮೊದಲ ಬಸಿರು ದಿನ ತುಂಬಿತ್ತು, ಆದರೆ ಮಗು ಜೀವ ಇಲ್ಲದೆ ಹುಟ್ಟಿತು. ಈ ಸಲದ್ದು ಅಳಬೇಕು. ಈ ಮನೆಯವರಿಗೆ ಸದ್ಯ ಬೇರೆ ಆಸೆಯಿಲ್ಲ.

ಶಂಶುನ್ನೀಸಾರಿಗೆ ಐವತ್ತೆಂಟು. ಇಪ್ಪತ್ತೊಂದಕ್ಕೆ ಸೂಲಗಿತ್ತಿ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದವರು. ಇಲಾಖೆ ಅವರ ಹುದ್ದೆಯ ಹೆಸರನ್ನು ಈವರೆಗೆ ಮೂರು ಸಲ ಬದಲಿಸಿದೆ. ಪ್ರತಿ ಸಲವೂ ಹೆಸರು ಉದ್ದವಾಗಿದೆ, ಈಗಿನದು ಗುರುತಿನ ಚೀಟಿಯಲ್ಲಿ ಎರಡು ಸಾಲು ಹಿಡಿಯುತ್ತದೆ. ಬೀದಿಯ ಜನ ಅಷ್ಟನ್ನೂ ಮಡಿಸಿ 'ನರ್ಸಮ್ಮ' ಎಂದು ಕರೆಯುತ್ತಾರೆ. ಸ್ಕೂಟರ್ ಮಾತ್ರ ಸ್ವಂತದ್ದು, ಅದಕ್ಕೆ ಯಾರೂ ಹೊಸ ಹೆಸರು ಕೊಟ್ಟಿಲ್ಲ.

ಅವರ ಪಟ್ಟಿಯಲ್ಲಿ ಈಗ ಮೂವತ್ತನಾಲ್ಕು ಬಸುರಿಯರಿದ್ದಾರೆ. ಇಪ್ಪತ್ತೊಂದು ಜನ ಮಗ್ಗದ ಮನೆಯವರು. ದಿನಕ್ಕೆ ಎಂಟು ಮನೆ, ಹದಿನಾಲ್ಕು ಕಿಲೋಮೀಟರು. ಬಸುರಿಗೆ ದಿನ ತುಂಬುವ ಮೊದಲು ನರ್ಸಮ್ಮ ಹನ್ನೊಂದು ಫಾರಂ ತುಂಬಬೇಕು, ಅಷ್ಟನ್ನೂ ಮತ್ತೊಮ್ಮೆ ಮೊಬೈಲಿನ ಆ್ಯಪಿಗೆ ಉಣಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಡಿಸಲಿನಲ್ಲಿ, ಹಿತ್ತಲಿನಲ್ಲಿ, ಒಮ್ಮೆ ಎತ್ತಿನ ಗಾಡಿಯಲ್ಲಿ, ಒಟ್ಟು ನಾನೂರಕ್ಕೂ ಹೆಚ್ಚು ಹೆರಿಗೆಗಳನ್ನು ತಾವೇ ಮಾಡಿಸಿದ್ದಾರೆ. ಈಗ ಒಂದೂ ಇಲ್ಲ, ಎಲ್ಲವೂ ಆಸ್ಪತ್ರೆಯಲ್ಲೇ.

"ಹೆರಿಗೆ ಆಸ್ಪತ್ರೆಗೆ ಹೋಯ್ತು, ಒಳ್ಳೇದೇ ಆಯ್ತು. ಎಷ್ಟು ಜೀವ ಉಳೀತು" ಎನ್ನುತ್ತಾರೆ. "ಆದ್ರೆ ಒಂಬತ್ತು ತಿಂಗಳು ಮನೇಲೇ ಉಳ್ಕೊಂತಲ್ಲ. ಅದನ್ನ ನೋಡೋರು ಬೇಕಲ್ವಾ?"

ನೋಡುವುದೆಂದರೆ ಏನೆಂದು ತಿಳಿಯಲು ಅವರ ಹಿಂದೆ ಒಂದು ಬೆಳಿಗ್ಗೆ ಓಡಾಡಿದರೆ ಸಾಕು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗುವವಳಿಗೆ ನಿಂಬೆ ಪಾನಕದ ಪಾಠ. ತಲೆನೋವು ಬಂದು ಕಣ್ಣು ಮಂಜಾಗುತ್ತದೆ ಎಂದವಳಿಗೆ ಅಲ್ಲೇ ಬಿ.ಪಿ. ಪಟ್ಟಿ. ಏಳನೇ ತಿಂಗಳಿಗೆ ಪ್ರತಿ ಮನೆಯಲ್ಲೂ ಚೀಲವೊಂದು ಸಿದ್ಧವಾಗಬೇಕು: ತಾಯಿ ಕಾರ್ಡು, ಒಗೆದು ಒಣಗಿಸಿದ ಹಳೆ ಕಾಟನ್ ಸೀರೆಯ ತುಂಡುಗಳು, ರಕ್ತ ಕೊಡಬಲ್ಲ ಇಬ್ಬರ ನಂಬರು, ಆಟೋದ ರಹೀಮನ ನಂಬರು. ಎಂಟನೇ ತಿಂಗಳಿಗೆ ಬಸುರಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಹೆರಿಗೆ ಕೋಣೆಯ ಮಂಚವನ್ನು ತೋರಿಸುತ್ತಾರೆ. "ಮದುವೆಗೆ ಮುಂಚೆ ಛತ್ರ ನೋಡ್ಕೊಂಡ್ ಬರ್ತೀವಲ್ಲ, ಹಂಗೆ. ಆವತ್ತಿಗೆ ಹೊಸ ಜಾಗ ಅಂತ ಭಯ ಇರಬಾರ್ದು."

ಗಂಡಂದಿರಿಗೂ ಪಾಠವಿದೆ. ನೋವು ಬಂದಾಗ ಹೆಂಡತಿಯ ಸೊಂಟದ ಕೆಳಗೆ ಅಂಗೈಯಿಂದ ಹೇಗೆ ಒತ್ತಬೇಕೆಂದು ಯೋಗಾನಂದ ಕಲಿಯುತ್ತಿದ್ದಾಗ ಅವನ ತಾಯಿ ರುಕ್ಮಿಣಮ್ಮ ಅಡುಗೆಮನೆಯಿಂದ ಇಣುಕಿ ನೋಡಿದ್ದರು.

"ಗಂಡಸ್ರಿಗೆ ಯಾಕವ್ವ ಇದೆಲ್ಲ? ನಾವು ನಾಲ್ಕು ಹೆತ್ವಿ, ಯಾವನ್ ಬಂದು ಒತ್ತಿದ್ದ?"

"ಅದಕ್ಕೇ ಅಲ್ವಾ ರುಕ್ಮಿಣಕ್ಕ ಇವತ್ತಿಗೂ ನಿಮಗೆ ಸೊಂಟ ನೋವು" ಎಂದರು ನರ್ಸಮ್ಮ. ರುಕ್ಮಿಣಮ್ಮ ನಗದೆ ಒಳಗೆ ಹೋದರು.

ಎಲ್ಲಕ್ಕಿಂತ ಕಷ್ಟದ ಪಾಠ ಕೂಗುವುದು. ನೋವು ಏರಿದಾಗ ಬಾಯಿ ಬಿಟ್ಟು ಉಸಿರು ಹೊರಹಾಕಬೇಕು, ದನಿ ಬಂದರೆ ಬರಲಿ, ಹಲ್ಲು ಕಚ್ಚಬಾರದು. ಮಗ್ಗದ ಮನೆಯ ಹೆಣ್ಣುಮಕ್ಕಳಿಗೆ ಇದು ಬರುವುದಿಲ್ಲ. "ಕೂಗಿ ಅಭ್ಯಾಸಾನೇ ಇಲ್ಲ ಅವ್ರಿಗೆ. ಚಿಕ್ಕಂದಿನಿಂದ ಕೈಸನ್ನೆ. ಕೂಗಿದ್ರೆ ಯಾರಿಗ್ ಕೇಳುತ್ತೆ? ನೋವಲ್ಲೂ ಹಂಗೇ, ಕೈ ಮಾತ್ರ ಎತ್ತಾರೆ" ಎನ್ನುತ್ತಾರೆ ಶಂಶುನ್ನೀಸಾ.

ಮೂರು ವರ್ಷದ ಹಿಂದಿನ ಕಥೆಯನ್ನು ಅವರು ಯಾರ ಮೇಲೂ ಹಾಕದೆ ತಮ್ಮ ಮೇಲೇ ಹಾಕಿಕೊಂಡು ಹೇಳುತ್ತಾರೆ.

ವಾಡಿಕೆಯಂತೆ ಚೊಚ್ಚಲ ಹೆರಿಗೆಗೆ ಅನಿತ ತವರಿಗೆ ಹೋಗಬೇಕಿತ್ತು. ತವರು ತ್ಯಾಮಗೊಂಡ್ಲು, ತೆಂಗಿನ ತೋಟದ ನಡುವಿನ ಮನೆ. ಆದರೆ ಅಲ್ಲಿ ತಾಯಿ ತೀರಿಹೋಗಿದ್ದರು. ಇಲ್ಲಿ ವರಮಹಾಲಕ್ಷ್ಮಿ ಹಬ್ಬದ ಸೀರೆಗಳ ಅವಸರ, ಕಂಡಿಕೆ ಸುತ್ತಲು ಕೈ ಸಾಲದು. ಹಾಗಾಗಿ ಅನಿತ ಗಂಡನ ಮನೆಯಲ್ಲೇ ಉಳಿದಳು. ನರ್ಸಮ್ಮ ಎಲ್ಲರಿಗೂ ಹೇಳುವಂತೆ ಅವಳಿಗೂ ಹೇಳಿದ್ದರು: ಮಧ್ಯಾಹ್ನ ಊಟ ಮಾಡಿ ಒಂದು ಗಂಟೆ ಎಡಕ್ಕೆ ತಿರುಗಿ ಮಲಗು, ಮಗುವಿನ ಒದೆತ ಎಣಿಸು, ಹತ್ತು ಬಂದರೆ ಸಾಕು.

ಅನಿತ ಚಾಚೂ ತಪ್ಪದೆ ಎಣಿಸಿದಳು. ಆ ಕೋಣೆಯಲ್ಲೇ, ಆ ಗೋಡೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು, ಆಚೀಚೆ ಆರು ಮಗ್ಗ ಓಡುತ್ತಿದ್ದಾಗ. ತಾಯಿ ಕಾರ್ಡಿನ ಹಿಂದೆ ದಿನಕ್ಕೊಂದು ಅಂಕಿ ಬರೆದಳು. ಹನ್ನೆರಡು, ಹದಿನಾಲ್ಕು, ಹನ್ನೊಂದು, ಹನ್ನೆರಡು.

"ನಾನು ಕಾರ್ಡ್ ನೋಡಿ ಶಭಾಷ್ ಅಂದೆ" ಎಂದು ಶಂಶುನ್ನೀಸಾ ಹೇಳುತ್ತಾರೆ. "ಹೊಟ್ಟೆ ಮೇಲೆ ಮಶೀನ್ ಇಟ್ರೆ ಮಗು ಎದೆಬಡಿತ ಇಲ್ಲ. ಜಾಗ ಬದಲಾಯಿಸ್ದೆ, ಜೆಲ್ ಹಾಕ್ದೆ, ಇಲ್ಲ. ಅವಳು ಅಂತಾಳೆ, ಈಗ ತಾನೇ ಹನ್ನೆರಡು ಎಣಿಸಿದೀನಿ ನರ್ಸಮ್ಮಾ, ಸರಿಯಾಗ್ ನೋಡಿ ಅಂತ."

ಮಗುವಿನ ಜೀವ ಎರಡು ದಿನದ ಹಿಂದೆಯೇ ಹೋಗಿರಬೇಕು ಎಂದರು ಆಸ್ಪತ್ರೆಯಲ್ಲಿ.

ಹಾಗಾದರೆ ಆ ಎರಡು ದಿನ ಅನಿತ ಎಣಿಸಿದ್ದು ಏನನ್ನು? ಈ ಪ್ರಶ್ನೆ ಶಂಶುನ್ನೀಸಾರನ್ನು ನಿದ್ದೆ ಮಾಡಲು ಬಿಡಲಿಲ್ಲ. ಹದಿನೈದು ದಿನದ ಮೇಲೆ ಬಾಣಂತಿಯನ್ನು ನೋಡುವ ನೆಪದಲ್ಲಿ ಹೋದರು. ಅನಿತ ನೀರು ಹಾಕಿಕೊಳ್ಳುತ್ತಿದ್ದಳು. ನರ್ಸಮ್ಮ ಅವಳ ಚಾಪೆಯ ಮೇಲೆ, ಅವಳು ಮಲಗುತ್ತಿದ್ದ ಹಾಗೆಯೇ ಮಲಗಿದರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಎಳೆ ಹರಿದು ನಿಂತ ಮಗ್ಗ ಮತ್ತೆ ಶುರುವಾಗುವಾಗಲೆಲ್ಲ ನೆಲ ಒಮ್ಮೆ ಗುದ್ದುತ್ತಿತ್ತು. ಗುದ್ದು ಚಾಪೆ ದಾಟಿ, ಬೆನ್ನು ದಾಟಿ, ಹೊಟ್ಟೆಗೆ ಬರುತ್ತಿತ್ತು.

"ಒಂದು ಗಂಟೇಲಿ ಹದಿಮೂರು ಎಣಿಸ್ದೆ. ಐವತ್ತೈದು ವರ್ಷದ ಖಾಲಿ ಹೊಟ್ಟೇಲಿ."

ಅವರು ಸ್ಕೂಟರಿನ ಕೀಲಿಯನ್ನು ಮುಷ್ಟಿಯೊಳಗೆ ತಿರುಗಿಸುತ್ತಾರೆ. "ನಂಗೆ ಕಲ್ಸಿದ ಪುಸ್ತಕದಲ್ಲಿ ಮಗ್ಗ ಇರ್ಲಿಲ್ಲ. ಸರಿ, ಪುಸ್ತಕ ಬರೆದೋರಿಗೆ ಗೊತ್ತಿಲ್ಲ. ನಾನು ಮೂವತ್ತು ವರ್ಷ ಈ ಬೀದೀಲಿ ಓಡಾಡ್ದವಳು. ನಂಗೆ ಹೊಳೀಬೇಕಿತ್ತು."

ಆ್ಯಪಿನಲ್ಲಿ ಮಗುವಿನ ಸಾವಿಗೆ ಕಾರಣ ತುಂಬುವ ಜಾಗವಿದೆ. ಬೆರಳು ಒತ್ತಿದರೆ ಹದಿನಾಲ್ಕು ಕಾರಣಗಳು ಸಾಲಾಗಿ ಇಳಿಯುತ್ತವೆ. ಅವರಿಗೆ ಬೇಕಾದ್ದು ಅದರಲ್ಲಿರಲಿಲ್ಲ. 'ಇತರೆ' ಒತ್ತಿದರು. ಹಸಿರು ಬಣ್ಣದ ಸರಿ ಗುರುತು ಬಂದು 'ಧನ್ಯವಾದಗಳು' ಎಂದಿತು.

ಅದೇ ವಾರ ಅವರು ಯೋಗಾನಂದ, ರುಕ್ಮಿಣಮ್ಮ, ಅನಿತ ಮೂವರನ್ನೂ ಕೂರಿಸಿ ಕಂಡದ್ದನ್ನು ಹೇಳಿದರು. ಎಣಿಸಲು ಹೇಳಿದ್ದು ನಾನು, ಹೇಗೆ ಎಣಿಸಬೇಕೆಂದು ಹೇಳಲಿಲ್ಲ, ತಪ್ಪು ನನ್ನದು ಎಂದರು. ಅನಿತ ಗೋಡೆ ನೋಡುತ್ತ ಕೂತಿದ್ದಳು. ಯೋಗಾನಂದ ಎದ್ದುಹೋಗಿ ಓಡುತ್ತಿದ್ದ ಮಗ್ಗದ ಮೇಲೆ ಕೈ ಇಟ್ಟುಕೊಂಡು ನಿಂತ. ರುಕ್ಮಿಣಮ್ಮ ಒಂದೇ ಮಾತು ಆಡಿದರು: "ಇನ್ಮೇಲೆ ನಮ್ ಹೊಸ್ತಿಲು ತುಳೀಬೇಡ."

ಎರಡೂವರೆ ವರ್ಷ ಅವರು ತುಳಿಯಲಿಲ್ಲ. ಪಕ್ಕದ ಮನೆಗೆ ಬರುವಾಗಲೂ ಸ್ಕೂಟರನ್ನು ಬೀದಿಯ ತುದಿಯಲ್ಲೇ ನಿಲ್ಲಿಸುತ್ತಿದ್ದರು. ಈ ನಡುವೆ ಬೇರೆ ಬೀದಿಗಳ ಮಗ್ಗದ ಮನೆಗಳಲ್ಲಿ ಹೊಸ ಪದ್ಧತಿ ಶುರು ಮಾಡಿದರು: ಎಣಿಸುವ ಹೊತ್ತಿಗೆ ಮಗ್ಗ ನಿಲ್ಲಿಸಬೇಕು, ಗೋಡೆ ಹಂಚಿಕೊಂಡವರೂ ನಿಲ್ಲಿಸಬೇಕು.

ಇದು ಕೇಳುವಷ್ಟು ಸುಲಭವಲ್ಲ. ಈ ಬೀದಿಯಲ್ಲಿ ಕರೆಂಟ್ ಇದ್ದೂ ಮಗ್ಗ ನಿಂತರೆ ಅದಕ್ಕೆ ಒಂದೇ ಅರ್ಥ, ಆ ಮನೆಯಲ್ಲಿ ಸಾವಾಗಿದೆ. ಕಳೆದ ಬೇಸಿಗೆಯಲ್ಲಿ ಅನಿತ ಮತ್ತೆ ಬಸುರಿಯಾಗಿ, ಅತ್ತೆಗೆ ಹೇಳದೆ ತಾನೇ ಆರೋಗ್ಯ ಉಪಕೇಂದ್ರಕ್ಕೆ ನಡೆದುಬಂದಳು. "ಈ ಸಲ ನೀವೇ ಹೇಳ್ಕೊಡಿ ನರ್ಸಮ್ಮಾ. ಆವತ್ತು ನಡೆದದ್ದನ್ನ ನಂಗೆ ಹೇಳ್ದೋರು ನೀವೊಬ್ರೇ" ಎಂದಳು. ಏಳನೇ ತಿಂಗಳಲ್ಲಿ ಯೋಗಾನಂದ ಮೊದಲ ಸಲ ಮಗ್ಗ ನಿಲ್ಲಿಸಿದ ಬೆಳಿಗ್ಗೆ ಹತ್ತು ನಿಮಿಷದೊಳಗೆ ಆವಲಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ಹಾಜರಾಗಿದ್ದ.

"ಏನಪ್ಪಾ ಯೋಗಾ, ಯಾವಾಗ ಆಯ್ತು? ಅಮ್ಮ ನಿನ್ನೆ ಚೆನ್ನಾಗೇ ಇದ್ರಲ್ಲ."

ಒಳಗಿನಿಂದ ರುಕ್ಮಿಣಮ್ಮನೇ ಬಂದರು. "ಇನ್ನೂ ಇದೀನಿ ಕಣೋ. ಬಂದಿದೀಯಲ್ಲ, ಕಾಫಿ ಕುಡ್ಕೊಂಡ್ ಹೋಗು."

ಆವಲಪ್ಪ ಕಾಫಿ ಕುಡಿದ, ವಿಷಯ ಕೇಳಿದ, ಮರುದಿನದಿಂದ ತನ್ನದನ್ನೂ ನಿಲ್ಲಿಸಿದ. ರುಕ್ಮಿಣಮ್ಮ ಮಾತ್ರ ಒಪ್ಪಿರಲಿಲ್ಲ. ನರ್ಸಮ್ಮ ಬಂದು ಮಗ್ಗ ನಿಂತಾಗಲೆಲ್ಲ ದೇವರ ಮನೆಗೆ ಹೋಗಿ ಕೂರುತ್ತಿದ್ದರು. "ಜೀವ ಇರೋ ಮನೇಲಿ ದಿನಾ ಸಾವಿನ ಆಟ ಆಡ್ತಾರೆ" ಎಂದು ಗೊಣಗುತ್ತಿದ್ದರು. ಇಷ್ಟಾದರೂ ಹೊಸ್ತಿಲ ಮಾತು ಮತ್ತೆ ಎತ್ತಲಿಲ್ಲ.

ಮೂವತ್ತೇಳನೇ ವಾರದ ಗುರುವಾರ. ಮಗ್ಗಗಳು ನಿಂತು ನಲವತ್ತು ನಿಮಿಷವಾಗಿದೆ, ಖಾಲಿ ಬುಟ್ಟಿಗೆ ಮೂರೇ ಕಂಡಿಕೆ ಬಿದ್ದಿವೆ.

"ನಿದ್ದೆ ಮಾಡ್ತೈತೇನೋ" ಎನ್ನುತ್ತಾಳೆ ಅನಿತ.

"ಎಬ್ಬಿಸೋಣ." ಶಂಶುನ್ನೀಸಾ ಅವಳಿಗೆ ತಣ್ಣೀರು ಕುಡಿಸುತ್ತಾರೆ, ಬೆಲ್ಲದ ಚೂರು ಕೊಡುತ್ತಾರೆ, ಮತ್ತೆ ಎಡಕ್ಕೆ ಮಲಗಿಸುತ್ತಾರೆ. ಇನ್ನರ್ಧ ಗಂಟೆಗೆ ಒಂದು ಕಂಡಿಕೆ. ಯೋಗಾನಂದ ಆವಲಪ್ಪನ ಮನೆಗೆ ಓಡಿಹೋಗಿ ಮಗ್ಗ ನಿಂತಿದೆಯೋ ಇಲ್ಲವೋ ಕಣ್ಣಾರೆ ನೋಡಿ ಬರುತ್ತಾನೆ. ನಿಂತಿದೆ. ನರ್ಸಮ್ಮ ಮಶೀನ್ ಇಡುತ್ತಾರೆ. ಎದೆಬಡಿತವಿದೆ, ಆದರೆ ಆಗಾಗ ನಿಧಾನವಾಗುತ್ತಿದೆ.

"ಬಡೀತೈತೆ ಕಣಮ್ಮ, ಕೇಳ್ಸ್ಕೋ. ಆದ್ರೆ ನಂಗೆ ಇದು ಇಷ್ಟ ಆಗ್ತಿಲ್ಲ. ಹೊರಡೋಣ."

ಆ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಬಸುರಿಯನ್ನು ಹೊರಗೆ ಕಳಿಸುವ ಮನೆಯಲ್ಲ ಅದು. ಯೋಗಾನಂದ ತಾಯಿಯ ಮುಖ ನೋಡುತ್ತಾನೆ. ರುಕ್ಮಿಣಮ್ಮ ದೇವರ ಮನೆಯಿಂದ ಎದ್ದು ಬರುತ್ತಾರೆ. ಗೂಟಕ್ಕೆ ನೇತುಹಾಕಿದ್ದ ಚೀಲವನ್ನು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ನನ್ ಮುಖ ಏನ್ ನೋಡ್ತೀಯ? ರಹೀಮಂಗೆ ಫೋನ್ ಮಾಡು."

ಆಟೋದಲ್ಲಿ ಅನಿತ ಹಲ್ಲು ಕಚ್ಚಿಕೊಂಡು ಕೂತಿದ್ದಾಳೆ. ಗಂಡನ ಅಂಗೈ ಅವಳ ಸೊಂಟದ ಮೇಲೆ. ರಹೀಮ್ ಪ್ರತಿ ರಸ್ತೆಯುಬ್ಬಿಗೂ ನರ್ಸಮ್ಮನ ಕಡೆ ತಿರುಗಿ "ಹೋಗ್ಲಾ ಆಪಾ?" ಎನ್ನುತ್ತಾನೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಹೊಟ್ಟೆಯೊಳಗೆ ನೀರು ತೀರಾ ಕಡಿಮೆ ಎಂದು ಹೇಳಿ ಆಪರೇಷನ್ನಿಗೆ ತಯಾರಿ ನಡೆಸಲು ಹೇಳುತ್ತಾರೆ. "ಸಾಯಂಕಾಲದವರೆಗೆ ಕಾದಿದ್ದರೆ" ಎಂದವರು ಆ ವಾಕ್ಯವನ್ನು ಪೂರ್ತಿ ಮಾಡುವುದಿಲ್ಲ.

ಥಿಯೇಟರಿನ ಬಾಗಿಲ ಹೊರಗೆ ಮೂವರು ನಿಂತಿದ್ದಾರೆ. ರುಕ್ಮಿಣಮ್ಮ ಚೀಲವನ್ನು ಕೆಳಗಿಟ್ಟಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲಾಚೆ ಏನೋ ಓಡಾಟ. ಆಮೇಲೆ ಏನೂ ಇಲ್ಲ. ಅದಾದ ಮೇಲೆ ಬೆಕ್ಕಿನ ಮರಿಯ ದನಿಯಷ್ಟು ಸಣ್ಣದೊಂದು ಅಳು.

"ಅತ್ತಿತು" ಎನ್ನುತ್ತಾರೆ ಶಂಶುನ್ನೀಸಾ.

"ಎಲ್ಲಿ?" ಯೋಗಾನಂದನ ಮುಖ ಬಿಳಿಚಿಕೊಂಡಿದೆ. "ನಂಗೆ ಕೇಳಿಸ್ಲಿಲ್ಲ."

"ಅಳ್ತಾ ಐತೆ ಕಣಪ್ಪ, ಈಗ್ಲೂ."

ಹದಿನಾರನೇ ವಯಸ್ಸಿನಿಂದ ಮಗ್ಗದ ನಡುವೆ ನಿಂತ ಕಿವಿ ಅವನದು. ಬಾಗಿಲಿಗೆ ಕಿವಿ ಒತ್ತಿ ನಿಲ್ಲುತ್ತಾನೆ, ಇನ್ನೊಂದು ಕಿವಿ ಒತ್ತುತ್ತಾನೆ. ಕೇಳಿಸುವುದಿಲ್ಲ. ಕೊನೆಗೆ ಬಾಗಿಲ ಕಡೆಗೆ ನೋಡುವುದನ್ನು ಬಿಟ್ಟು ನರ್ಸಮ್ಮನ ಮುಖವನ್ನೇ ನೋಡುತ್ತ ನಿಲ್ಲುತ್ತಾನೆ. ಒಳಗಿನ ಅಳು ನಿಲ್ಲುವವರೆಗೂ ಅವರು ಅವನಿಗೆ ತಲೆಯಾಡಿಸುತ್ತಲೇ ಇರುತ್ತಾರೆ.

ಹೆಣ್ಣು ಮಗು. ಒಂದು ಕೆಜಿ ಒಂಬೈನೂರು ಗ್ರಾಂ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಹತ್ತನೇ ದಿನ ಮನೆಗೆ ಬಂತು.

ಒಂದನ್ನು ಉಳಿಸಿದಿರಿ, ಮನಸ್ಸು ಹಗುರವಾಗಿರಬೇಕು ಎಂದು ಯಾರಾದರೂ ಅಂದರೆ ಶಂಶುನ್ನೀಸಾ ಕೈ ಅಡ್ಡ ಹಿಡಿಯುತ್ತಾರೆ. "ಹಂಗೆ ಸಮ ಮಾಡೋಕೆ ಬರಲ್ಲ. ಅದು ಬೇರೆ ಮಗು, ಇದು ಬೇರೆ ಮಗು." ಮುಂದಿನ ವರ್ಷ ಅವರಿಗೆ ನಿವೃತ್ತಿ. ತಮ್ಮ ಜಾಗಕ್ಕೆ ಬರುವವರು ಮೊದಲ ದಿನ ರಿಜಿಸ್ಟರ್ ತೆರೆಯುವುದಕ್ಕೆ ಮುಂಚೆ ಮಗ್ಗದ ಮನೆಯೊಂದರ ನೆಲದ ಮೇಲೆ ಒಂದು ಗಂಟೆ ಮಲಗಿ ಬರಲಿ ಎಂಬುದು ಅವರ ಕೋರಿಕೆ. ಅದನ್ನು ಬರೆದು ಮೇಲಕ್ಕೆ ಕಳಿಸಿದ್ದಾರೆ. ಮೇಲಿನವರು ಅದನ್ನು ಇನ್ನೂ ಮೇಲಕ್ಕೆ ಕಳಿಸಿದ್ದಾರೆ.

ಮಗುವಿಗೆ ನಲವತ್ತು ದಿನವಾದ ಬೆಳಿಗ್ಗೆ ಅವರು ತೂಕದ ಜೋಳಿಗೆ ಹಿಡಿದು ಒಳಕೋಣೆಗೆ ಹೋಗುತ್ತಾರೆ. ರುಕ್ಮಿಣಮ್ಮ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಾರೆ. ನರ್ಸಮ್ಮನನ್ನು ನೋಡಿ ಏಳುವುದಿಲ್ಲ, ಸ್ವಲ್ಪ ಸರಿದು ಚಾಪೆಯಲ್ಲಿ ಜಾಗ ಮಾಡುತ್ತಾರೆ. ಅನಿತ ಗೋಡೆಗೆ ಒರಗಿ ಕೂತು ನೋಡುತ್ತಿದ್ದಾಳೆ.

ಮೊದಲ ಮಗುವನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಗಂಡೋ ಹೆಣ್ಣೋ ಎಂದೂ ಹೇಳಿರಲಿಲ್ಲ. ತಾಯಿಗೆ ತಿಳಿದರೆ ಮನಸ್ಸು ಅಲ್ಲೇ ನಿಂತುಬಿಡುತ್ತದೆ, ಕೇಳಿದರೂ ಹೇಳಬಾರದು ಎಂದು ಆವತ್ತು ಆಸ್ಪತ್ರೆಯಲ್ಲಿ ನರ್ಸಮ್ಮನ ಕೈ ಹಿಡಿದು ಬೇಡಿಕೊಂಡವರು ರುಕ್ಮಿಣಮ್ಮ. ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಹೋದ ಯೋಗಾನಂದ ಬಿಚ್ಚಿ ನೋಡಲಿಲ್ಲ. ಮೂರು ವರ್ಷ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

"ನರ್ಸಮ್ಮಾ" ಎನ್ನುತ್ತಾಳೆ ಅನಿತ. "ಮೊದಲ್ನೇದು ಏನು?"

ಶಂಶುನ್ನೀಸಾ ರುಕ್ಮಿಣಮ್ಮನ ಕಡೆ ನೋಡುತ್ತಾರೆ. ರುಕ್ಮಿಣಮ್ಮ ಮಗುವಿನ ಪಾದಕ್ಕೆ ಎಣ್ಣೆ ಹಚ್ಚುತ್ತ ತಲೆ ಎತ್ತದೆ ಹೇಳುತ್ತಾರೆ: "ಹೇಳು ನರ್ಸಮ್ಮ."

"ಅದೂ ಹೆಣ್ಣೇ ಕಣಮ್ಮ. ಇವಳಿಗಿಂತ ಕೂದಲು ಜಾಸ್ತಿ ಇತ್ತು, ಕಿವಿ ಮೇಲೆಲ್ಲ ಬಂದಿತ್ತು. ನಾನೇ ಸ್ನಾನ ಮಾಡ್ಸ್ದೆ." ತೂಕದ ಜೋಳಿಗೆ ಬಿಚ್ಚುತ್ತ ಮತ್ತೆ ಹೇಳುತ್ತಾರೆ. "ಬಿಸಿನೀರಲ್ಲೇ ಮಾಡ್ಸ್ದೆ."